ಒಂದೇ ಹೋಮ್, ಐದು ಥರದ ಎಲ್‌ಎಸ್: ಫೈಲ್ ಪಟ್ಟಿಯ ಬಣ್ಣ ಸರಿಮಾಡಿದ ಪ್ರಕರಣ

ಎಲ್‌ಎಸ್ ಅಂದರೆ ಡೈರೆಕ್ಟರಿಯಲ್ಲಿ (ಫೋಲ್ಡರ್‌ನಲ್ಲಿ) ಏನೇನಿದೆ ಅಂತ ಪಟ್ಟಿ ತೋರಿಸುವ ಕಮಾಂಡ್. ಅದರ ಬಣ್ಣದ ಈ ಕಥೆ ಒಂದು ಸಂಶೋಧನಾ ತಂಡದಲ್ಲಿ ನಡೆದದ್ದು. ಸಂಸ್ಥೆಯ ಹೆಸರು, ಜನರ ಹೆಸರು ಇಲ್ಲಿ ಇಲ್ಲ. ಯಾರೆಂದು ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ತಾಂತ್ರಿಕ ಭಾಗ ಮಾತ್ರ ನಡೆದ ಹಾಗೇ ಇದೆ. ಕಮಾಂಡ್‌ಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ‘ದೊಡ್ಡ ಜಿ’ ಅಂದರೆ ಕ್ಯಾಪಿಟಲ್ ಅಕ್ಷರ ಅಂತ ಓದಿಕೊಳ್ಳಿ.

ಹಿನ್ನೆಲೆ

ತಂಡದಲ್ಲಿ ಹದಿನೈದು ಇಪ್ಪತ್ತು ಜನ. ಲೆಕ್ಕ ಮಾಡುವ ಲಿನಕ್ಸ್ ಯಂತ್ರಗಳು 11. ಅವುಗಳಲ್ಲಿ ಕೆಲವು ಉಬುಂಟು, ಕೆಲವು ಹಳೆಯ ಸೆಂಟ್‌ಓಎಸ್. ಡೇಟಾ ಇಡುವುದಕ್ಕೆ ಒಂದು ಫ್ರೀಬಿಎಸ್‌ಡಿ ಸರ್ವರ್. ಒಂದು ಹಳೆಯ ಪ್ರೋಗ್ರಾಮಿನ ಲೈಸೆನ್ಸ್‌ಗೋಸ್ಕರ ಮಾತ್ರ ಉಳಿಸಿಕೊಂಡಿದ್ದ ಸೋಲಾರಿಸ್ 10 ಯಂತ್ರ. ಇವುಗಳ ಜೊತೆಗೆ ಕೆಲವರ ಮ್ಯಾಕ್ ಲ್ಯಾಪ್‌ಟಾಪ್‌ಗಳು, ಆಲ್ಪೈನ್ ಲಿನಕ್ಸ್‌ನ ಕಂಟೇನರ್‌ಗಳು. ವಿಂಡೋಸ್ ಇಟ್ಟುಕೊಂಡವರು ಪುಟ್ಟಿ ಅನ್ನುವ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ಮೂಲಕ ಬರುತ್ತಿದ್ದರು.

ಎಲ್ಲ ಸರ್ವರ್‌ಗಳಿಗೂ ಹೋಮ್ ಡೈರೆಕ್ಟರಿ, ಅಂದರೆ ಪ್ರತಿಯೊಬ್ಬರ ಸ್ವಂತ ಫೋಲ್ಡರ್, ಒಂದೇ. ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್ ಮೂಲಕ. ಇದು ಬಹಳ ಮುಖ್ಯ. ಲಿನಕ್ಸ್‌ಗೆ ಲಾಗಿನ್ ಆದರೂ ಸೋಲಾರಿಸ್‌ಗೆ ಲಾಗಿನ್ ಆದರೂ ಓದುವುದು ಅದೇ ‘ಡಾಟ್ ಪ್ರೊಫೈಲ್’ ಅನ್ನುವ ಸೆಟ್ಟಿಂಗ್ ಫೈಲನ್ನು. ಒಂದು ಕಡೆ ಅನುಕೂಲಕ್ಕೆ ಬರೆದ ಸಾಲು ಇನ್ನೊಂದು ಕಡೆ ಏನು ಮಾಡುತ್ತದೆ ಅಂತ ಬರೆಯುವವರಿಗೆ ಗೊತ್ತೇ ಆಗುವುದಿಲ್ಲ.

ಬಣ್ಣದ ವಿಷಯ ಯಾಕೆ ಬಂತು

ಹೊಸದಾಗಿ ಸೇರಿದ ಒಬ್ಬ ಸಂಶೋಧಕಿ ತಮ್ಮ ಹೋಮ್‌ನಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಅಲ್ಲಿ ‘ಹಳೆಯದು’ ಅನ್ನುವ ಅರ್ಥದ ಹೆಸರಿನ ಒಂದು ಫೋಲ್ಡರ್ ಕಂಡಿತು. ಒಳಗಿದ್ದದ್ದನ್ನೆಲ್ಲ ಅಳಿಸಿದರು. ಆದರೆ ಅದು ಫೋಲ್ಡರ್ ಆಗಿರಲಿಲ್ಲ. ತಂಡದ ಎಲ್ಲರೂ ಬಳಸುವ ಡೇಟಾ ಡೈರೆಕ್ಟರಿಗೆ ಹಾಕಿದ್ದ ಸಿಂಬಾಲಿಕ್ ಲಿಂಕ್, ಅಂದರೆ ಇನ್ನೊಂದು ಜಾಗಕ್ಕೆ ಕೈ ತೋರಿಸುವ ಹೆಸರು ಆಗಿತ್ತು. ಬರೀ ಲಿಂಕಿನ ಹೆಸರು ಕೊಟ್ಟಿದ್ದರೆ ಅಳಿಸುವ ಕಮಾಂಡ್ ‘ಆರ್‌ಎಂ’ ಲಿಂಕನ್ನು ಮಾತ್ರ ತೆಗೆಯುತ್ತಿತ್ತು. ಅವರು ಹೆಸರಿನ ಕೊನೆಗೆ ಸ್ಲ್ಯಾಶ್, ನಕ್ಷತ್ರ ಹಾಕಿದ್ದರು. ಶೆಲ್, ಅಂದರೆ ನಾವು ಟೈಪ್ ಮಾಡಿದ ಕಮಾಂಡನ್ನು ಓದಿ ನಡೆಸುವ ಪ್ರೋಗ್ರಾಂ, ಲಿಂಕಿನ ಒಳಗೆ ಹೋಗಿ ಅಸಲಿ ಫೈಲ್‌ಗಳ ಹೆಸರನ್ನೇ ತಂದುಕೊಟ್ಟಿತು. ಅಸಲಿ ಫೈಲ್‌ಗಳೇ ಹೋದವು.

ಫ್ರೀಬಿಎಸ್‌ಡಿ ಸರ್ವರ್‌ನಲ್ಲಿ ಝಡ್‌ಎಫ್‌ಎಸ್ ಸ್ನ್ಯಾಪ್‌ಶಾಟ್ ಇತ್ತು. ಹಿಂದಿನ ರಾತ್ರಿಯ ಪ್ರತಿಯಿಂದ ಎಲ್ಲವನ್ನೂ ವಾಪಸ್ ತಂದೆವು. ಆಮೇಲೆ ಅವರ ಪಕ್ಕ ಕುಳಿತು ಕೇಳಿದೆ: “ಅದು ಲಿಂಕ್ ಅಂತ ಪಟ್ಟಿಯಲ್ಲಿ ಕಾಣಲಿಲ್ವಾ?”

“ಕಂಡಿತು ಸರ್. ಆದರೆ ಅದು ನೀಲಿ ಇತ್ತು. ನೀಲಿ ಅಂದರೆ ಫೋಲ್ಡರ್ ಅಲ್ವಾ?”

ಈ ಒಂದು ಮಾತಿನಿಂದ ಪೂರ್ತಿ ಕೆಲಸ ಶುರುವಾಯಿತು. ಅವರು ಕಲಿತದ್ದು ಮ್ಯಾಕ್‌ನಲ್ಲಿ. ಅಲ್ಲಿ ಬಣ್ಣ ಹಾಕಿಕೊಂಡರೆ ಫೋಲ್ಡರ್ ನೀಲಿ, ಲಿಂಕ್ ನೇರಳೆ, ಓಡಿಸಬಹುದಾದ ಪ್ರೋಗ್ರಾಂ ಕೆಂಪು. ಲಿನಕ್ಸ್‌ನ ಜಿಎನ್‌ಯು ಎಲ್‌ಎಸ್‌ನಲ್ಲಿ ಫೋಲ್ಡರ್ ದಪ್ಪ ನೀಲಿ, ಲಿಂಕ್ ದಪ್ಪ ತಿಳಿನೀಲಿ, ಪ್ರೋಗ್ರಾಂ ಹಸಿರು. ಅಲ್ಲಿ ಕೆಂಪು ಅಂದರೆ ಟಾರ್, ಜಿಝಿಪ್ ಥರದ ಕಟ್ಟಿಟ್ಟ ಫೈಲ್. ನೇರಳೆ ಅಂದರೆ ಚಿತ್ರದ ಫೈಲ್. ಹಾಗಾಗಿ ನೇರಳೆ ಕಾಣದಿದ್ದಾಗ ಇಲ್ಲಿ ಲಿಂಕೇ ಇಲ್ಲ ಅಂತ ಅವರು ಅಂದುಕೊಂಡರು. ನಾವು ಮಾತಿನಲ್ಲಿ ನೀಲಿಗೂ ತಿಳಿನೀಲಿಗೂ ‘ನೀಲಿ’ ಅಂತಲೇ ಅನ್ನುತ್ತೇವೆ. ಅವರು ತಪ್ಪಾಗಿ ಓದಲಿಲ್ಲ. ತಮಗೆ ಗೊತ್ತಿದ್ದ ಭಾಷೆಯಲ್ಲಿ ಸರಿಯಾಗೇ ಓದಿದರು.

ತಂಡದ ಮುಖ್ಯಸ್ಥರು ಹೇಳಿದ್ದು ಇಷ್ಟೇ: “ಎಲ್ಲ ಯಂತ್ರದಲ್ಲೂ ಒಂದು ಬಣ್ಣಕ್ಕೆ ಒಂದೇ ಅರ್ಥ ಇರಲಿ.” ಅರ್ಧ ದಿನದ ಕೆಲಸ ಅಂದುಕೊಂಡೆ. ಮುಗಿಯುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು.

ಮೊದಲ ಪ್ರಯತ್ನ: ಒಂದೇ ಸಾಲು

ಮ್ಯಾಕ್ ಬಳಸುತ್ತಿದ್ದ ಒಬ್ಬರು, ನನ್ನ ಹತ್ತಿರ ಇದು ಚೆನ್ನಾಗಿ ನಡೆಯುತ್ತದೆ ಅಂತ ಒಂದು ಅಲಿಯಾಸ್ (ಕಮಾಂಡಿಗೆ ಇಡುವ ಅಡ್ಡಹೆಸರು) ಕೊಟ್ಟರು. ಎಲ್‌ಎಸ್ ಅಂದರೆ ‘ಎಲ್‌ಎಸ್, ಹೈಫನ್ ದೊಡ್ಡ ಜಿ’. ಅದನ್ನು ಎಲ್ಲರ ಶೆಲ್ ಫೈಲಿಗೆ ಹಾಕಿದೆವು. ಲಿನಕ್ಸ್‌ನಲ್ಲಿ ಬಣ್ಣ ಬರಲಿಲ್ಲ. ಆದರೆ ಎರರ್ ಕೂಡ ಬರಲಿಲ್ಲ. ಇನ್ನೇನೋ ಸೆಟ್ಟಿಂಗ್ ಬೇಕಿರಬಹುದು, ನಾಳೆ ನೋಡೋಣ ಅಂತ ಬಿಟ್ಟೆವು.

ಎರಡು ದಿನ ಬಿಟ್ಟು ಬೇರೆಯೇ ದೂರು ಬಂತು. ಹಂಚಿಕೊಂಡ ಒಂದು ಪ್ರಾಜೆಕ್ಟ್ ಡೈರೆಕ್ಟರಿಗೆ ಒಬ್ಬರಿಗೆ ಬರೆಯಲು ಆಗುತ್ತಿಲ್ಲ. ಪರ್ಮಿಷನ್ ನೋಡಿದರೆ ಗುಂಪಿಗೆ ಬರೆಯುವ ಅನುಮತಿ ಇದೆ. ಆದರೆ ಯಾವ ಗುಂಪು ಅನ್ನುವುದೇ ಉದ್ದ ಪಟ್ಟಿಯಲ್ಲಿ ಕಾಣುತ್ತಿಲ್ಲ. ಇಬ್ಬರು ಅರ್ಧ ದಿನ ಎನ್‌ಎಫ್‌ಎಸ್ ಸೆಟ್ಟಿಂಗ್ ತಡಕಾಡಿದರು. ಕಾರಣ ಆ ದೊಡ್ಡ ಜಿ. ಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಅದರ ಅರ್ಥ ‘ಬಣ್ಣ ಹಾಕು’. ಜಿಎನ್‌ಯು ಎಲ್‌ಎಸ್‌ನಲ್ಲಿ ಅದರ ಅರ್ಥ ‘ಉದ್ದ ಪಟ್ಟಿಯಲ್ಲಿ ಗುಂಪಿನ ಹೆಸರು ತೋರಿಸಬೇಡ’. ಅಕ್ಷರ ಒಂದೇ, ಕೆಲಸ ಬೇರೆ. ನಿಜವಾದ ಗುಂಪು ಏನು ಅಂತ ಅಲಿಯಾಸ್ ಇಲ್ಲದೆ ನೋಡಿದ ತಕ್ಷಣ ಗೊತ್ತಾಯಿತು, ಒಂದು ನಿಮಿಷದಲ್ಲಿ ಸರಿಹೋಯಿತು.

ಎರರ್ ಕೊಟ್ಟು ನಿಲ್ಲುವ ಕಮಾಂಡ್ ಒಳ್ಳೆಯದು. ಎರರ್ ಕೊಡದೆ ಬೇರೆ ಕೆಲಸ ಮಾಡುವುದು ಅಪಾಯ. ಈ ಅನುಭವ ಕೊನೆಯ ಪರಿಹಾರದಲ್ಲಿ ನೇರವಾಗಿ ಉಪಯೋಗಕ್ಕೆ ಬಂತು.

ಎರಡನೇ ಪ್ರಯತ್ನ: ಓಎಸ್ ಹೆಸರು ಕೇಳಿ ನಿರ್ಧರಿಸುವುದು

ಸರಿ, ಯಂತ್ರ ಯಾವುದು ಅಂತ ಮೊದಲು ಕೇಳೋಣ ಅಂದುಕೊಂಡೆವು. ಓಎಸ್ ಹೆಸರು ಹೇಳುವ ‘ಯುನೇಮ್’ ಕಮಾಂಡ್ ಲಿನಕ್ಸ್ ಅಂದರೆ ‘--ಕಲರ್=ಆಟೋ’. ಡಾರ್ವಿನ್ (ಅಂದರೆ ಮ್ಯಾಕ್) ಅಥವಾ ಫ್ರೀಬಿಎಸ್‌ಡಿ ಅಂದರೆ ದೊಡ್ಡ ಜಿ. ಬೇರೆ ಏನಾದರೂ ಅಂದರೆ ಸುಮ್ನೆ ಬಿಟ್ಟುಬಿಡುವುದು. ಬಣ್ಣದ ಪಟ್ಟಿಗೆ ಎರಡು ವೇರಿಯಬಲ್. ಜಿಎನ್‌ಯುಗೆ ‘ಎಲ್‌ಎಸ್_ಕಲರ್ಸ್’, ನಡುವೆ ಅಂಡರ್‌ಸ್ಕೋರ್ ಇರುವುದು. ಬಿಎಸ್‌ಡಿಗೆ ‘ಎಲ್‌ಎಸ್‌ಕಲರ್ಸ್’, ಅಂಡರ್‌ಸ್ಕೋರ್ ಇಲ್ಲದ್ದು. ಹೆಸರು ಇಷ್ಟು ಹತ್ತಿರ ಇದ್ದರೂ ಒಳಗಿನ ಬರಹ ಪೂರ್ತಿ ಬೇರೆ.

ಜಿಎನ್‌ಯು ಪಟ್ಟಿಯಲ್ಲಿ ಪ್ರತಿ ಥರದ ಫೈಲಿಗೆ ಎರಡಕ್ಷರದ ಹೆಸರು ಇರುತ್ತದೆ, ಅದರ ಮುಂದೆ ಬಣ್ಣದ ಸಂಖ್ಯೆ. ‘ಡಿಐ’ ಡೈರೆಕ್ಟರಿ, ಅದಕ್ಕೆ 01;34. ‘ಎಲ್‌ಎನ್’ ಲಿಂಕ್, 01;36. ‘ಇಎಕ್ಸ್’ ಪ್ರೋಗ್ರಾಂ, 01;32. ಇಲ್ಲಿ 01 ಅಂದರೆ ದಪ್ಪ, 30ರಿಂದ 37 ಅಕ್ಷರದ ಬಣ್ಣ, 40ರಿಂದ 47 ಹಿನ್ನೆಲೆಯ ಬಣ್ಣ. ಫೈಲಿನ ಹೆಸರಿನ ಕೊನೆ ನೋಡಿಯೂ ಬಣ್ಣ ಕೊಡಬಹುದು. ಇದನ್ನೆಲ್ಲ ತಯಾರು ಮಾಡಿಕೊಡುವುದು ‘ಡಿಐಆರ್‌ಕಲರ್ಸ್’ ಅನ್ನುವ ಪ್ರೋಗ್ರಾಂ.

ಬಿಎಸ್‌ಡಿ ಪಟ್ಟಿ ಅಂದರೆ ಬರೀ 22 ಅಕ್ಷರ, 11 ಜೋಡಿ. ಜೋಡಿಯ ಮೊದಲ ಅಕ್ಷರ ಹೆಸರಿನ ಬಣ್ಣ, ಎರಡನೆಯದು ಹಿನ್ನೆಲೆ. ಎ ಕಪ್ಪು, ಬಿ ಕೆಂಪು, ಸಿ ಹಸಿರು, ಡಿ ಕಂದು, ಇ ನೀಲಿ, ಎಫ್ ನೇರಳೆ, ಜಿ ತಿಳಿನೀಲಿ, ಎಚ್ ತಿಳಿ ಬೂದು. ಎಕ್ಸ್ ಅಂದರೆ ಟರ್ಮಿನಲ್‌ನ ಸ್ವಂತ ಬಣ್ಣ. ದೊಡ್ಡ ಅಕ್ಷರ ಹಾಕಿದರೆ ದಪ್ಪ. ಮೊದಲ ಜೋಡಿ ಡೈರೆಕ್ಟರಿಗೆ, ಎರಡನೆಯದು ಲಿಂಕ್‌ಗೆ, ಐದನೆಯದು ಪ್ರೋಗ್ರಾಂಗೆ. ಇಲ್ಲಿ ಹೆಸರಿನ ಕೊನೆ ನೋಡಿ ಬಣ್ಣ ಕೊಡಲು ಆಗುವುದಿಲ್ಲ. ಹಾಗಾಗಿ ಎರಡೂ ಕಡೆ ಪೂರ್ತಿ ಒಂದೇ ಮಾಡುವ ಆಸೆ ಅಲ್ಲೇ ಬಿಟ್ಟೆವು. ಅಪಾಯ ಇರುವ ಥರಗಳು ಮಾತ್ರ ಒಂದೇ ಇದ್ದರೆ ಸಾಕು ಅಂತ ತೀರ್ಮಾನಿಸಿದೆವು: ಡೈರೆಕ್ಟರಿ, ಲಿಂಕ್, ಪ್ರೋಗ್ರಾಂ, ಸೆಟ್‌ಯುಐಡಿ (ಓಡಿಸಿದವರ ಬದಲು ಫೈಲಿನ ಒಡೆಯರ ಅನುಮತಿಯಲ್ಲಿ ಓಡುವ ಪ್ರೋಗ್ರಾಂ), ಎಲ್ಲರೂ ಬರೆಯಬಹುದಾದ ಡೈರೆಕ್ಟರಿ.

ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಲಿನಕ್ಸ್ ಯಂತ್ರಗಳೇ ಜಾಸ್ತಿ. ಹೊಸಬರು ಬೇರೆ ಸಂಸ್ಥೆಗೆ ಹೋದರೂ ಜಿಎನ್‌ಯು ಬಣ್ಣವೇ ಸಿಗುವ ಸಾಧ್ಯತೆ ಹೆಚ್ಚು. ಹಾಗಾಗಿ ಬಿಎಸ್‌ಡಿಯ ಕಡೆಯನ್ನು ಬದಲಿಸಿದೆವು. ಮೊದಲ ಜೋಡಿ ‘ದೊಡ್ಡ ಇ, ಚಿಕ್ಕ ಎಕ್ಸ್’, ಲಿಂಕ್‌ಗೆ ‘ದೊಡ್ಡ ಜಿ, ಚಿಕ್ಕ ಎಕ್ಸ್’, ಪ್ರೋಗ್ರಾಂಗೆ ‘ದೊಡ್ಡ ಸಿ, ಚಿಕ್ಕ ಎಕ್ಸ್’, ಸೆಟ್‌ಯುಐಡಿಗೆ ‘ಎಚ್, ಬಿ’. ಈ ತೀರ್ಮಾನ ಕೊನೆಯವರೆಗೂ ಉಳಿಯಿತು.

ಉಳಿಯದೆ ಹೋದದ್ದು ಓಎಸ್ ಹೆಸರು ನೋಡುವ ಉಪಾಯ. ಒಬ್ಬರ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಮೂಲಕ ಜಿಎನ್‌ಯು ಕೋರ್‌ಯುಟಿಲ್ಸ್, ಅಂದರೆ ಲಿನಕ್ಸ್‌ನ ಎಲ್‌ಎಸ್ ಥರದ ಕಮಾಂಡ್‌ಗಳನ್ನು ಹಾಕಿ, ಅದನ್ನೇ ಪಾತ್‌ನಲ್ಲಿ (ಶೆಲ್ ಕಮಾಂಡ್ ಹುಡುಕುವ ಜಾಗಗಳ ಪಟ್ಟಿಯಲ್ಲಿ) ಮುಂದೆ ಇಟ್ಟಿದ್ದರು. ಯುನೇಮ್ ಡಾರ್ವಿನ್ ಅನ್ನುತ್ತದೆ, ಆದರೆ ಎಲ್‌ಎಸ್ ಜಿಎನ್‌ಯುದು. ಮತ್ತೆ ಗುಂಪಿನ ಹೆಸರು ಮಾಯ! ಆಲ್ಪೈನ್ ಕಂಟೇನರ್‌ನಲ್ಲಿ ಯುನೇಮ್ ಲಿನಕ್ಸ್ ಅನ್ನುತ್ತದೆ, ಅಲ್ಲಿರುವುದು ಬಿಝಿಬಾಕ್ಸ್ ಅನ್ನುವ ಚಿಕ್ಕ ಕಮಾಂಡ್ ಕಟ್ಟಿನ ಎಲ್‌ಎಸ್. ಅದು ಬಣ್ಣ ಹಾಕುತ್ತದೆ, ಆದರೆ ನಮ್ಮ ಬಣ್ಣದ ಪಟ್ಟಿಯನ್ನು ನೋಡುವುದೇ ಇಲ್ಲ. ಅದರ ಬಣ್ಣಗಳು ಪ್ರೋಗ್ರಾಮಿನ ಒಳಗೇ ಬರೆದಿವೆ. ಅಲ್ಲೂ ಲಿಂಕ್ ತಿಳಿನೀಲಿಯೇ, ಹಾಗಾಗಿ ತೊಂದರೆ ಆಗಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಸೋಲಾರಿಸ್‌ನಲ್ಲಿ. ನಾವು ಈ ಸಾಲುಗಳನ್ನು ‘ಡಾಟ್ ಪ್ರೊಫೈಲ್’ನ ಮೇಲ್ಭಾಗದಲ್ಲೇ ಬರೆದಿದ್ದೆವು. ಕಮಾಂಡಿನ ಉತ್ತರ ಪಡೆಯಲು ಡಾಲರ್ ಮತ್ತು ಕಂಸ ಬಳಸಿದ್ದೆವು. ಸೋಲಾರಿಸ್ 10ರ ಎಸ್‌ಎಚ್ ಹಳೆಯ ಬಾರ್ನ್ ಶೆಲ್. ಅದಕ್ಕೆ ಆ ಬರಹ ಅರ್ಥವಾಗುವುದಿಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಅದೇ ಸಾಲಿನಲ್ಲಿ ಬೆಲೆ ಕೊಟ್ಟರೂ ಒಪ್ಪುವುದಿಲ್ಲ, ಅಲಿಯಾಸ್ ಅಂತೂ ಇಲ್ಲವೇ ಇಲ್ಲ. ಸಿಂಟ್ಯಾಕ್ಸ್ ಎರರ್ ಬಂದು ಫೈಲನ್ನು ಅಲ್ಲಿಗೇ ಬಿಟ್ಟಿತು. ಕೆಳಗೆ ಲೈಸೆನ್ಸ್ ಪ್ರೋಗ್ರಾಮಿನ ಪಾತ್ ಇತ್ತು. ಅದನ್ನು ಯಾರೂ ಓದಲಿಲ್ಲ. ಬೆಳಿಗ್ಗೆ ನಾಲ್ಕು ಜನ ಬಂದು “ಪ್ರೋಗ್ರಾಂ ಸಿಗುತ್ತಿಲ್ಲ” ಅಂದರು. ಬಣ್ಣಕ್ಕೂ ಲೈಸೆನ್ಸಿಗೂ ಏನು ಸಂಬಂಧ ಅಂತ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಕೊನೆಗೆ ಆ ಫೈಲಿನ ಹಳೆಯ ಪ್ರತಿಯ ಜೊತೆ ಹೋಲಿಸಿ ನೋಡಿದಾಗ ಸಿಕ್ಕಿತು.

ಅಂದೇ ಒಂದು ನಿಯಮ ಮಾಡಿದೆವು. ಪ್ರೊಫೈಲ್‌ನಲ್ಲಿ ಪಾತ್ ಥರದ ಅಗತ್ಯದ ವಿಷಯ ಮಾತ್ರ, ಅದೂ ಹಳೆಯ ಶೆಲ್‌ಗೆ ಅರ್ಥವಾಗುವ ಬರಹದಲ್ಲಿ. ಬಣ್ಣ, ಅಲಿಯಾಸ್ ಎಲ್ಲ ಆಯಾ ಶೆಲ್‌ನ ಫೈಲಿನಲ್ಲಿ. ಅದೂ ಮನುಷ್ಯರು ಕುಳಿತು ಟೈಪ್ ಮಾಡುವ ಶೆಲ್ ಆಗಿದ್ದರೆ ಮಾತ್ರ.

ಮೂರನೇ ತಿರುವು: ಕಾಣದ ಅಕ್ಷರಗಳು

ಆ ನಿಯಮದ ಕೊನೆಯ ಭಾಗವನ್ನು ಒಬ್ಬರು ಪಾಲಿಸಲಿಲ್ಲ. ಅವರ ಉದ್ದೇಶ ಒಳ್ಳೆಯದೇ. ಉದ್ದ ಪಟ್ಟಿಯನ್ನು ಪುಟ ಪುಟವಾಗಿ ತೋರಿಸುವ ‘ಲೆಸ್’ಗೆ ಕಳಿಸಿದರೆ ಬಣ್ಣ ಹೋಗುತ್ತಿತ್ತು. ‘ಆಟೋ’ ಅಂದರೆ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಮಾತ್ರ ಬಣ್ಣ, ಪೈಪ್ ಮೂಲಕ ಬೇರೆ ಪ್ರೋಗ್ರಾಂಗೆ ಹೋದರೆ ಇಲ್ಲ. ಅದಕ್ಕೆ ಅವರು ತಮ್ಮ ‘ಡಾಟ್ ಸಿಎಸ್‌ಎಚ್‌ಆರ್‌ಸಿ’ಯಲ್ಲಿ (ಸಿ ಶೆಲ್‌ನ ಸೆಟ್ಟಿಂಗ್ ಫೈಲಿನಲ್ಲಿ) ಆಟೋ ತೆಗೆದು ‘ಆಲ್ವೇಸ್’ ಹಾಕಿಕೊಂಡರು.

ಒಂದು ವಾರದ ನಂತರ ಅವರ ರಾತ್ರಿಯ ಸ್ಕ್ರಿಪ್ಟ್ ಕೆಟ್ಟಿತು. ಅದು ಜಿಝಿಪ್ ಫೈಲ್‌ಗಳನ್ನು ಒಂದೊಂದಾಗಿ ಬಿಚ್ಚಿ ಲೆಕ್ಕ ಮಾಡುವ ಸ್ಕ್ರಿಪ್ಟ್. ಲಾಗ್‌ನಲ್ಲಿ ಪ್ರತಿ ಫೈಲಿಗೂ ‘ಅಂಥ ಫೈಲ್ ಇಲ್ಲ’ ಅಂತ ಬಂದಿತ್ತು. ಆದರೆ ಲಾಗ್‌ನಲ್ಲಿ ಕಾಣುವ ಹೆಸರೂ ಡಿಸ್ಕ್‌ನಲ್ಲಿ ಇರುವ ಹೆಸರೂ ಅಕ್ಷರಕ್ಕಕ್ಷರ ಒಂದೇ. ಅವರದೇ ಇನ್ನೊಂದು ಸ್ಕ್ರಿಪ್ಟ್, ‘ಡಾಟ್ ಡ್ಯಾಟ್’ ಫೈಲ್‌ಗಳನ್ನು ನಕಲು ಮಾಡುವುದು, ಅದೇ ಡೈರೆಕ್ಟರಿಯಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಹಾಗಾಗಿ ಡಿಸ್ಕ್ ಮೇಲೆ, ನೆಟ್‌ವರ್ಕ್ ಮೇಲೆ ಅನುಮಾನ ಬಂತು. ಒಂದಿಡೀ ದಿನ ಅದರಲ್ಲೇ ಹೋಯಿತು.

ತಂಡದ ಹಿರಿಯ ಅಡ್ಮಿನ್ ಬಂದು ಲಾಗನ್ನು ಕಾಣದ ಅಕ್ಷರಗಳನ್ನೂ ತೋರಿಸುವ ‘ಕ್ಯಾಟ್ ಹೈಫನ್ ವಿ’ ಮಾಡಿ ನೋಡಿದರು. ಹೆಸರಿನ ಹಿಂದೆ ಮುಂದೆ ಎಸ್ಕೇಪ್ ಅಕ್ಷರ, ಚೌಕ ಕಂಸ, 01;31, ಆಮೇಲೆ ಎಂ. ಬಣ್ಣದ ಸಂಕೇತಗಳು ಹೆಸರಿಗೇ ಅಂಟಿಕೊಂಡಿದ್ದವು. ಟರ್ಮಿನಲ್ ಅವನ್ನು ನುಂಗಿ ಬಣ್ಣ ಮಾತ್ರ ತೋರಿಸುತ್ತದೆ. ಹಾಗಾಗಿ ಕಣ್ಣಿಗೆ ಹೆಸರು ಸರಿಯಾಗಿ ಕಾಣುತ್ತದೆ. ಸ್ಕ್ರಿಪ್ಟ್‌ಗೆ ಅದು ಬೇರೆಯೇ ಹೆಸರು.

ಆದರೆ ಸ್ಕ್ರಿಪ್ಟ್‌ನಲ್ಲಿ ಅಲಿಯಾಸ್ ಹೇಗೆ ಬಂತು? ಬ್ಯಾಷ್‌ನಲ್ಲಿ ಸ್ಕ್ರಿಪ್ಟ್ ಓಡುವಾಗ ಅಲಿಯಾಸ್ ಕೆಲಸ ಮಾಡುವುದಿಲ್ಲ. ಸಿ ಶೆಲ್‌ನ ಸ್ಕ್ರಿಪ್ಟ್ ಹಾಗಲ್ಲ. ಮೊದಲ ಸಾಲಿನಲ್ಲಿ ‘ಹೈಫನ್ ಎಫ್’ ಹಾಕದಿದ್ದರೆ ಅದು ಸಿಎಸ್‌ಎಚ್‌ಆರ್‌ಸಿ ಓದಿಯೇ ಮುಂದೆ ಹೋಗುತ್ತದೆ, ಅಲಿಯಾಸ್‌ಗಳೂ ಜೊತೆಗೆ ಬರುತ್ತವೆ. ಡ್ಯಾಟ್ ಫೈಲ್‌ಗೆ ಯಾಕೆ ತೊಂದರೆ ಆಗಲಿಲ್ಲ? ಆ ಕೊನೆಗೆ ಪಟ್ಟಿಯಲ್ಲಿ ಬಣ್ಣವೇ ಇಲ್ಲ. ಬಣ್ಣ ಇಲ್ಲದ ಫೈಲಿಗೆ ಎಲ್‌ಎಸ್ ಸಂಕೇತ ಬರೆಯುವುದೂ ಇಲ್ಲ. ಜಿಝಿಪ್ ಮಾತ್ರ ಕೆಂಪು. ಇದು ಗೊತ್ತಾದಾಗ ಎಲ್ಲರಿಗೂ ನಿಟ್ಟುಸಿರು.

ಅವತ್ತಿನಿಂದ ‘ಆಲ್ವೇಸ್’ ಅಲಿಯಾಸ್‌ನಲ್ಲಿ ಇರಬಾರದು ಅಂತ ಆಯಿತು. ಬಿಎಸ್‌ಡಿ ಕಡೆಯ ‘ಸಿಎಲ್‌ಐಕಲರ್_ಫೋರ್ಸ್’ ವೇರಿಯಬಲ್ ಇದಕ್ಕಿಂತ ಹೆಚ್ಚು ಅಪಾಯ. ಅದನ್ನು ಎಕ್ಸ್‌ಪೋರ್ಟ್ ಮಾಡಿದರೆ ಅಲಿಯಾಸ್ ಇರಲಿ ಬಿಡಲಿ, ಆ ಶೆಲ್‌ನಿಂದ ಹುಟ್ಟುವ ಪ್ರತಿ ಪ್ರೋಗ್ರಾಂಗೂ ಅಂಟುತ್ತದೆ. ಲೆಸ್‌ನಲ್ಲಿ ಬಣ್ಣ ಬೇಕಾದವರಿಗೆ ಬೇರೆ ಹೆಸರಿನ ಒಂದು ಚಿಕ್ಕ ಫಂಕ್ಷನ್ ಕೊಟ್ಟೆವು. ಅದರಲ್ಲಿ ಆಲ್ವೇಸ್ ಇದೆ, ಲೆಸ್‌ಗೆ ಬಣ್ಣ ಉಳಿಸುವ ‘ಹೈಫನ್ ದೊಡ್ಡ ಆರ್’ ಇದೆ. ಆ ಹೆಸರನ್ನು ಯಾವ ಸ್ಕ್ರಿಪ್ಟೂ ಕರೆಯುವುದಿಲ್ಲ. ಎಲ್‌ಎಸ್ ಔಟ್‌ಪುಟ್‌ನಿಂದ ಹೆಸರು ಹೆಕ್ಕುವ ಬದಲು ಶೆಲ್‌ನ ನಕ್ಷತ್ರವನ್ನೇ ಬಳಸಿ ಅಂತ ಸ್ಕ್ರಿಪ್ಟ್ ಬರೆದವರಿಗೂ ಹೇಳಿದೆವು.

ಟರ್ಮಿನಲ್ ತನ್ನದೇ ಬಣ್ಣ ಹಚ್ಚುತ್ತದೆ

ಈಗ ಬಣ್ಣ ಹಾಕುವ ಎಲ್ಲ ಯಂತ್ರವೂ ಡೈರೆಕ್ಟರಿಗೆ 01;34 ಕಳಿಸುತ್ತಿತ್ತು. ಆದರೂ ಎಲ್ಲರಿಗೂ ಒಂದೇ ಥರ ಕಾಣುತ್ತಿರಲಿಲ್ಲ. 34 ಅಂದರೆ ‘ನಾಲ್ಕನೇ ಬಣ್ಣ’ ಅಂತ ಅಷ್ಟೇ. ಅದು ಯಾವ ನೀಲಿ ಅನ್ನುವುದು ಟರ್ಮಿನಲ್‌ನ ಇಷ್ಟ.

ಪುಟ್ಟಿಯ ಕಪ್ಪು ಪರದೆಯಲ್ಲಿ ನೀಲಿ ತುಂಬ ಕಡು. ಪ್ರೊಜೆಕ್ಟರ್ ಮೇಲೆ ಹಾಕಿದಾಗ ಡೈರೆಕ್ಟರಿಗಳ ಹೆಸರೇ ಕಾಣಲಿಲ್ಲ. ಒಬ್ಬರು ಡೈರೆಕ್ಟರಿ ಖಾಲಿ ಇದೆ ಅಂದುಕೊಂಡರು. ಇನ್ನೊಬ್ಬರು ಸೋಲರೈಝ್ಡ್ ಅನ್ನುವ ಬಣ್ಣದ ಜೋಡಣೆ ಹಾಕಿಕೊಂಡಿದ್ದರು. ಅದರಲ್ಲಿ 8ರಿಂದ 15ರವರೆಗಿನ ಹೊಳಪಿನ ಬಣ್ಣಗಳ ಜಾಗದಲ್ಲಿ ಹೆಚ್ಚಿನವು ಬೂದು ಛಾಯೆಗಳು. ಅವರ ಟರ್ಮಿನಲ್ ದಪ್ಪ ಅಕ್ಷರವನ್ನು ಹೊಳಪಿನ ಬಣ್ಣಕ್ಕೆ ತಿರುಗಿಸುತ್ತಿತ್ತು. ಹಾಗಾಗಿ ದಪ್ಪ ನೀಲಿಯೂ ಬೂದು, ದಪ್ಪ ಹಸಿರೂ ಬೂದು, ದಪ್ಪ ತಿಳಿನೀಲಿಯೂ ಬೂದು. ಲಿಂಕ್ ಯಾವುದು, ಡೈರೆಕ್ಟರಿ ಯಾವುದು? ನಾವು ಶುರು ಮಾಡಿದ ಜಾಗಕ್ಕೇ ವಾಪಸ್ ಬಂದಿದ್ದೆವು.

ಇಲ್ಲಿ ತಂಡದಲ್ಲಿ ವಾದ ನಡೆಯಿತು. ಪಟ್ಟಿಯನ್ನೇ ಬದಲಿಸಿ 256 ಬಣ್ಣದ ಸಂಕೇತ ಹಾಕೋಣ ಅಂತ ಕೆಲವರು ಅಂದರು. 38;5 ಅಂತ ಬರೆದು ಮುಂದೆ ಸಂಖ್ಯೆ ಕೊಟ್ಟರೆ, 16ರ ಮೇಲಿನ ಬಣ್ಣಗಳನ್ನು ಸಾಮಾನ್ಯವಾಗಿ ಥೀಮ್‌ಗಳು ಮುಟ್ಟುವುದಿಲ್ಲ. ಒಳ್ಳೆಯ ಸಲಹೆಯೇ. ಆದರೆ ಬಿಎಸ್‌ಡಿಯ 22 ಅಕ್ಷರದ ಪಟ್ಟಿಯಲ್ಲಿ ಅದನ್ನು ಬರೆಯಲು ಜಾಗವೇ ಇಲ್ಲ. ಮತ್ತೆ ಎರಡು ಭಾಷೆ ಆಗುತ್ತಿತ್ತು. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ. ಕಾಣದಿರುವುದು ಟರ್ಮಿನಲ್‌ನ ತೊಂದರೆ, ಹಾಗಾಗಿ ಟರ್ಮಿನಲ್‌ನಲ್ಲೇ ಸರಿಮಾಡಬೇಕು. ಪುಟ್ಟಿಯಲ್ಲಿ ನೀಲಿಯ ಎರಡೂ ಛಾಯೆಗಳನ್ನು ತಿಳಿಮಾಡಿ ಆ ಸೆಷನ್ ಎಲ್ಲರಿಗೂ ಕೊಟ್ಟೆವು. ಸೋಲರೈಝ್ಡ್ ಇದ್ದವರ ಟರ್ಮಿನಲ್‌ನಲ್ಲಿ ದಪ್ಪ ಅಕ್ಷರಕ್ಕೆ ಹೊಳಪಿನ ಬಣ್ಣ ಕೊಡುವ ಆಯ್ಕೆಯನ್ನು ತೆಗೆದೆವು.

ಒಂದೇ ಟರ್ಮಿನಲ್‌ನಲ್ಲಿ ಹಲವು ಶೆಲ್ ನಡೆಸುವ ಟಿಮಕ್ಸ್‌ನದು ಬೇರೆ ಕಥೆ. ಹಳೆಯ ಸೆಂಟ್‌ಓಎಸ್‌ನಲ್ಲಿ ಟಿಮಕ್ಸ್ ಒಳಗೆ ಡೈರೆಕ್ಟರಿ ನೀಲಿ ಇತ್ತು, ಆದರೆ ಟಾರ್ ಫೈಲಿನ ಕೆಂಪು ಹೋಗಿತ್ತು. ಡಿಐಆರ್‌ಕಲರ್ಸ್ ತನ್ನ ಪಟ್ಟಿಯಲ್ಲಿ ಟರ್ಮಿನಲ್ ಹೆಸರು ಇದೆಯಾ ಅಂತ ನೋಡುತ್ತದೆ. ಹಳೆಯದರಲ್ಲಿ ‘ಟಿಮಕ್ಸ್-256ಕಲರ್’ ಅನ್ನುವ ಹೆಸರು ಇರಲಿಲ್ಲ. ಇಲ್ಲದಿದ್ದರೆ ಅದು ಖಾಲಿ ಪಟ್ಟಿ ಕೊಡುತ್ತದೆ. ಪಟ್ಟಿ ಖಾಲಿ ಇದ್ದಾಗ ಆ ಹಳೆಯ ಎಲ್‌ಎಸ್ ತನ್ನೊಳಗಿನ ಮೂಲ ಬಣ್ಣಗಳನ್ನು ಬಳಸುತ್ತದೆ. ಅದರಲ್ಲಿ ಡೈರೆಕ್ಟರಿ, ಲಿಂಕ್ ಇವೆ, ಹೆಸರಿನ ಕೊನೆ ನೋಡುವುದು ಇಲ್ಲ. ನಾವು ಬಳಸುವ ಪಟ್ಟಿಯ ಫೈಲಿಗೆ ಒಂದು ಸಾಲು ಸೇರಿಸಿದ್ದೇ ಸಾಕಾಯಿತು.

ಹಿರಿಯ ಅಡ್ಮಿನ್ ಹೇಳಿದ ಮಾತು

ಬಣ್ಣಗಳ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾಗ ಹಿರಿಯ ಅಡ್ಮಿನ್ ಸುಮ್ಮನಿರುತ್ತಿದ್ದರು. ಒಂದು ದಿನ ಊಟಕ್ಕೆ ಹೋಗುವಾಗ ಹೇಳಿದರು: “ನೋಡಪ್ಪಾ, ನನಗೆ ಕೆಂಪು ಹಸಿರು ಹೆಚ್ಚುಕಡಿಮೆ ಒಂದೇ ಥರ ಕಾಣುತ್ತೆ. ನೀವು ಏನು ಮಾಡಿದರೂ ನನಗೆ ಅದು ಅರ್ಧ ಕುರುಡು.”

ಇಷ್ಟು ವರ್ಷ ಅವರು ‘ಹೈಫನ್ ದೊಡ್ಡ ಎಫ್’ ಹಾಕಿಯೇ ಪಟ್ಟಿ ನೋಡುತ್ತಿದ್ದರು. ಅದು ಹೆಸರಿನ ಕೊನೆಗೆ ಒಂದು ಚಿಹ್ನೆ ಹಾಕುತ್ತದೆ: ಡೈರೆಕ್ಟರಿಗೆ ಸ್ಲ್ಯಾಶ್, ಪ್ರೋಗ್ರಾಮಿಗೆ ನಕ್ಷತ್ರ, ಲಿಂಕಿಗೆ ಅಟ್ ಚಿಹ್ನೆ. ಅದು ಅವರ ಹಳೇ ಅಭ್ಯಾಸ ಅಂತ ನಾವು ಅಂದುಕೊಂಡಿದ್ದೆವು. ಈ ದೊಡ್ಡ ಎಫ್ ಯುನಿಕ್ಸ್ ಥರದ ವ್ಯವಸ್ಥೆಗಳ ಪಾಸಿಕ್ಸ್ ಮಾನದಂಡದಲ್ಲೇ ಇದೆ. ನಮ್ಮ ಐದೂ ಥರದ ಎಲ್‌ಎಸ್‌ನಲ್ಲಿ ನಡೆಯುತ್ತದೆ. ಬಣ್ಣವೇ ಇಲ್ಲದ ಸೋಲಾರಿಸ್‌ನಲ್ಲೂ ನಡೆಯುತ್ತದೆ. ಆ ದಿನ ಸಂಶೋಧಕಿಯ ಪಟ್ಟಿಯಲ್ಲಿ ಆ ಒಂದು ಅಟ್ ಚಿಹ್ನೆ ಇದ್ದಿದ್ದರೆ ಅವರು ಅಲ್ಲೇ ನಿಲ್ಲುತ್ತಿದ್ದರು. ನನಗೆ ಈ ಪ್ರಕರಣದ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ಬಣ್ಣವನ್ನು ಮೂಲ ಅಂದುಕೊಂಡಿದ್ದೆವು. ಅವತ್ತಿನಿಂದ ಚಿಹ್ನೆ ಮೂಲ, ಬಣ್ಣ ಅದರ ಮೇಲೆ ಅಂತ ಆಯಿತು.

ಎಲ್‌ಎಸ್ ನಿಂತುಹೋದ ಬೆಳಿಗ್ಗೆ

ಕೆಲಸ ಮುಗಿಯಿತು ಅಂದುಕೊಂಡಿದ್ದಾಗ ಡೇಟಾ ಸರ್ವರ್ ಒಂದು ದಿನ ಕೆಳಗೆ ಬಿತ್ತು. ಹೋಮ್ ಬೇರೆ ಸರ್ವರ್‌ನಲ್ಲಿತ್ತು, ಅದಕ್ಕೇನೂ ಆಗಿರಲಿಲ್ಲ. ಆದರೂ ಲಿನಕ್ಸ್ ಯಂತ್ರಗಳಲ್ಲಿ ಲಾಗಿನ್ ಆಗಿ ಎಲ್‌ಎಸ್ ಹೊಡೆದವರ ಪರದೆ ಅಲ್ಲೇ ನಿಂತಿತು. ಎಲ್‌ಎಸ್‌ಗಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಿ, ಅಂದರೆ ಅಲಿಯಾಸ್ ಬಿಟ್ಟು ಓಡಿಸಿದರೆ ತಕ್ಷಣ ಪಟ್ಟಿ ಬಂತು.

ಜಿಎನ್‌ಯು ಪಟ್ಟಿಯಲ್ಲಿ ‘ಓಆರ್’ ಅಂತ ಒಂದಿದೆ. ಗುರಿ ಇಲ್ಲದ ಅನಾಥ ಲಿಂಕಿಗೆ ಬೇರೆ ಬಣ್ಣ. ಲಿಂಕ್ ಅನಾಥವೋ ಅಲ್ಲವೋ ತಿಳಿಯಬೇಕಾದರೆ ಅದರ ಗುರಿಯ ತನಕ ಹೋಗಿ ನೋಡಲೇಬೇಕು. ಎಲ್ಲರ ಹೋಮ್‌ನಲ್ಲೂ ಡೇಟಾ ಸರ್ವರ್‌ಗೆ ಒಂದು ಲಿಂಕ್ ಇತ್ತು. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ (ಉತ್ತರ ಬರುವ ತನಕ ಕಾಯುವ ಜೋಡಣೆ) ಆದ್ದರಿಂದ ಸತ್ತ ಸರ್ವರ್‌ನ ಉತ್ತರಕ್ಕೆ ಎಲ್‌ಎಸ್ ಕಾಯುತ್ತಾ ಕುಳಿತಿತು.

ಇದರ ಜೊತೆಗೆ ಇನ್ನೊಂದು ಹಳೆಯ ದೂರಿಗೂ ಉತ್ತರ ಸಿಕ್ಕಿತು. ಸುಮಾರು 2 ಲಕ್ಷ ಫೈಲ್ ಇದ್ದ ಒಂದು ಡೈರೆಕ್ಟರಿಯಲ್ಲಿ ಬಣ್ಣದ ಪಟ್ಟಿ ಬಹಳ ನಿಧಾನ. ಹೆಸರು ಮತ್ತು ಥರ ಸಾಮಾನ್ಯವಾಗಿ ಡೈರೆಕ್ಟರಿ ಓದುವಾಗಲೇ ಸಿಗುತ್ತವೆ. ಆದರೆ ಫೈಲ್ ಓಡಿಸಬಹುದಾದದ್ದಾ, ಸೆಟ್‌ಯುಐಡಿ ಇದೆಯಾ ಅಂತ ತಿಳಿಯಲು ಪ್ರತಿ ಫೈಲಿಗೂ ಒಂದೊಂದು ಸಲ ‘ಸ್ಟ್ಯಾಟ್’, ಅಂದರೆ ಅದರ ವಿವರ, ಕೇಳಬೇಕು. ಎನ್‌ಎಫ್‌ಎಸ್ ಮೇಲೆ ಅದಕ್ಕೆ ಸಮಯ ಹಿಡಿಯುತ್ತದೆ.

ಪಟ್ಟಿಯಿಂದ ‘ಓಆರ್’ ತೆಗೆದರೆ ಸಾಕಾಯಿತು, ಅದಕ್ಕೆ ಒಳಗಿನ ಮೂಲ ಬಣ್ಣ ಇಲ್ಲ. ಗುರಿ ಇಲ್ಲದ ಲಿಂಕಿನ ಇನ್ನೊಂದು ಹೆಸರು ‘ಎಂಐ’, ಅದನ್ನೂ ತೆಗೆದೆವು. ‘ಇಎಕ್ಸ್’ ತೆಗೆದರೆ ಸಾಲದು. ತೆಗೆದರೆ ಎಲ್‌ಎಸ್ ತನ್ನೊಳಗಿನ ಹಸಿರನ್ನು ಬಳಸಿ ಮತ್ತೆ ಸ್ಟ್ಯಾಟ್ ಕೇಳುತ್ತದೆ. ಅದಕ್ಕೆ 00 ಅಂತ ಸ್ಪಷ್ಟವಾಗಿ ಬರೆಯಬೇಕು. ಸೆಟ್‌ಯುಐಡಿ, ಸೆಟ್‌ಜಿಐಡಿ, ಕೇಪಬಿಲಿಟಿ ಅನ್ನುವ ವಿಶೇಷ ಅನುಮತಿಗಳಿಗೂ ಹಾಗೇ. ಇದು ಗೊತ್ತಾಗಲು ನಮಗೆ ಪ್ರೋಗ್ರಾಂ ಏನೇನು ಕೇಳುತ್ತದೆ ಅಂತ ತೋರಿಸುವ ‘ಎಸ್‌ಟ್ರೇಸ್’ ಹಾಕಿ ಎರಡು ಸಲ ನೋಡಬೇಕಾಯಿತು.

ಆದರೆ ಪ್ರೋಗ್ರಾಂ, ಸೆಟ್‌ಯುಐಡಿ ಕಾಣಬೇಕು ಅಂತ ನಾವೇ ಮೊದಲು ತೀರ್ಮಾನಿಸಿದ್ದೆವಲ್ಲ? ಅದಕ್ಕೆ ಎಲ್ಲರಿಗೂ ಈ 00 ಹಾಕಲಿಲ್ಲ. ‘ಓಆರ್’, ‘ಎಂಐ’ ಎಲ್ಲರ ಪಟ್ಟಿಯಿಂದಲೂ ತೆಗೆದೆವು. 00ಗಳನ್ನು ದೊಡ್ಡ ಡೈರೆಕ್ಟರಿಗಳಿಗೆ ಅಂತ ಇಟ್ಟ ಒಂದು ಬೇರೆ ಹೆಸರಿನ ಅಲಿಯಾಸ್‌ಗೆ ಮಾತ್ರ ಕೊಟ್ಟೆವು. ದೊಡ್ಡ ಎಫ್ ಕೂಡ ನಕ್ಷತ್ರ ಹಾಕಲು ಸ್ಟ್ಯಾಟ್ ಕೇಳುತ್ತದೆ, ಹಾಗಾಗಿ ಆ ಅಲಿಯಾಸ್‌ನಲ್ಲಿ ಬರೀ ‘ಹೈಫನ್ ಪಿ’, ಅಂದರೆ ಡೈರೆಕ್ಟರಿಗೆ ಸ್ಲ್ಯಾಶ್ ಅಷ್ಟೇ. ಉದ್ದ ಪಟ್ಟಿ ಮತ್ತು ದೊಡ್ಡ ಎಫ್ ಒಟ್ಟಿಗೆ ಸೇರಿದರೆ ಜಿಎನ್‌ಯು ಎಲ್‌ಎಸ್ ಮತ್ತೆ ಲಿಂಕಿನ ಗುರಿ ಹುಡುಕಿಕೊಂಡು ಹೋಗುತ್ತದೆ. ಅದಕ್ಕೆ ಉದ್ದ ಪಟ್ಟಿ ಕೊಡುವ ‘ಎಲ್‌ಎಲ್’ ಅಲಿಯಾಸ್‌ಗೆ ಎಫ್ ಹಾಕಲಿಲ್ಲ. ಅಲ್ಲಿ ಹೇಗೂ ಸಾಲಿನ ಮೊದಲ ಅಕ್ಷರವೇ ಥರ ಹೇಳುತ್ತದೆ, ಲಿಂಕ್ ಆದರೆ ಬಾಣದ ಗುರುತೂ ಇರುತ್ತದೆ.

ಉಳಿದ ರೂಪ

ಕೊನೆಗೆ ಉಳಿದ ಫೈಲ್ ಚಿಕ್ಕದು. ಮೊದಲು ಪಾತ್ ಸಿದ್ಧವಾಗುತ್ತದೆ. ಆಮೇಲೆ ಶೆಲ್ ಮನುಷ್ಯರದ್ದಾ ಅಂತ ನೋಡುತ್ತದೆ. ಸಿ ಶೆಲ್‌ನ ರೂಪವಾದ ಟಿಸಿಎಸ್‌ಎಚ್‌ನಲ್ಲಿ ಪ್ರಾಂಪ್ಟ್ ಇದೆಯಾ ಅಂತ ಕೇಳಿದರೆ ಸಾಕು. ಬಣ್ಣದ ವೇರಿಯಬಲ್ ಎರಡನ್ನೂ ಎಲ್ಲ ಕಡೆ ಇಡುತ್ತದೆ. ಬೇಡದ ಎಲ್‌ಎಸ್ ಅದನ್ನು ನೋಡುವುದೇ ಇಲ್ಲ.

ನಂತರ ಯುನೇಮ್ ಕೇಳದೆ, ಎಲ್‌ಎಸ್‌ನ್ನೇ ಕೇಳುತ್ತದೆ. ರೂಟ್ ಡೈರೆಕ್ಟರಿಯ ಮೇಲೆ ‘--ಕಲರ್=ಆಟೋ’ ಜೊತೆ ಒಂದು ಸಲ ಓಡಿಸಿ ಔಟ್‌ಪುಟ್ ಎಸೆದುಬಿಡುತ್ತದೆ. ಎರರ್ ಬರದಿದ್ದರೆ ಅದೇ ಅಲಿಯಾಸ್, ದೊಡ್ಡ ಎಫ್ ಜೊತೆ. ಎರರ್ ಬಂದರೆ ದೊಡ್ಡ ಜಿ ಹಾಕಿ ನೋಡುತ್ತದೆ. ಅದೂ ಆಗದಿದ್ದರೆ ಬರೀ ದೊಡ್ಡ ಎಫ್. ಈ ಕ್ರಮ ತಿರುಗಾಮುರುಗಾ ಆಗಬಾರದು. ದೊಡ್ಡ ಜಿ ಮೊದಲು ಕೇಳಿದರೆ ಜಿಎನ್‌ಯು ಎಲ್‌ಎಸ್ ಸುಮ್ಮನೆ ‘ಸರಿ’ ಅಂದು ಗುಂಪಿನ ಹೆಸರು ಮುಚ್ಚಿಡುತ್ತದೆ. ಅದಕ್ಕೆ ಆ ಸಾಲಿನ ಮೇಲೆ ಕಾರಣವನ್ನೂ ಬರೆದಿಟ್ಟಿದ್ದೇವೆ, ಮುಂದೆ ಯಾರೂ ಅಂದ ಮಾಡಲು ಹೋಗಿ ಕ್ರಮ ಬದಲಿಸಬಾರದು ಅಂತ.

ಸೋಲಾರಿಸ್ ಯಂತ್ರ ಮರುವರ್ಷ ಆಫ್ ಆಯಿತು. ಅದಕ್ಕೆ ಅಂತ ಫೈಲಿನಲ್ಲಿ ತೆಗೆಯಬೇಕಾದ ಒಂದು ಸಾಲೂ ಇರಲಿಲ್ಲ. ಆಮೇಲೆ ಆ ಸಂಶೋಧಕಿ ಹೊಸ ಮ್ಯಾಕ್ ತಂದರು. ಅದರ ಎಲ್‌ಎಸ್ ‘--ಕಲರ್’ ಅನ್ನೂ ಒಪ್ಪುವ ಹೊಸ ಆವೃತ್ತಿ. ನಮ್ಮ ಫೈಲನ್ನು ಹಾಗೇ ನಕಲು ಮಾಡಿಕೊಂಡರು. ಮೊದಲ ಪ್ರಶ್ನೆಗೇ ಉತ್ತರ ಸಿಕ್ಕಿ ಅಲಿಯಾಸ್ ಕೂತಿತು. ಡೇಟಾ ಡೈರೆಕ್ಟರಿಯ ಲಿಂಕ್ ತಿಳಿನೀಲಿಯಲ್ಲಿ, ಹೆಸರಿನ ಕೊನೆಯಲ್ಲಿ ಅಟ್ ಚಿಹ್ನೆ ಹಾಕಿಕೊಂಡು ಕಂಡಿತು.